ಮಹಾದೇವ ಬಾಬಾ ಯಾರು?

ಪ್ರಶ್ನೆ: ಸರ್, ನಮ್ಮ ಅಜ್ಜಿ ಸುರಪುರದವರು. ಅಲ್ಲಿನ ಟೇಲರ್ ಮಂಜಿಲ್‌ನ ಇಂಗ್ಲಿಷ್ ಸಾಹೇಬನನ್ನು ‘ಮಹಾದೇವ ಬಾಬಾ’ ಅಂತಲೇ ಕರೆಯುತ್ತಾರೆ. 1858ರ ಸುರಪುರ ಕಾಳಗದ ಡೈರಿ, ಪತ್ರಗಳಲ್ಲಿ ಹುಡುಕಿದೆ. ಈ ಹೆಸರು ಸಿಗಲಿಲ್ಲ. ಅಜ್ಜಿ ಹೇಳೋದು ಸುಮ್ನೆ ಕತೆಯಾ?
– ಓದುಗರು, ಶಹಾಪುರ

ಉತ್ತರ: ಕತೆ ಅಲ್ಲ ತಂಗಿ. ನೀವು ಹುಡುಕಿದ ಕಡೆ ಆ ಮನುಷ್ಯನೇ ಇರಲಿಲ್ಲ!

ಅಜ್ಜಿ ಹೇಳುವ ಮಹಾದೇವ ಬಾಬಾ ಅಂದರೆ ಫಿಲಿಪ್ ಮೆಡೋಸ್ ಟೇಲರ್, ನಿಜಾಮನ ಸೈನ್ಯದ ಅಧಿಕಾರಿ. 1841ರಲ್ಲಿ ಸುರಪುರಕ್ಕೆ ಬಂದರು. ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗ, ಹಾಗಾಗಿ ಸಂಸ್ಥಾನದ ಕಾರುಬಾರು ಇವರ ಕೈಯಲ್ಲಿತ್ತು. 1853ರಲ್ಲಿ ರಾಜನಿಗೆ ಅಧಿಕಾರ ಒಪ್ಪಿಸಿ ನಳದುರ್ಗಕ್ಕೆ ಹೋದರು. 1858ರ ಫೆಬ್ರವರಿಯಲ್ಲಿ ಇದೇ ರಾಜ ಬ್ರಿಟಿಷರ ವಿರುದ್ಧ ತಿರುಗಿಬಿದ್ದು ಕಾಳಗ ನಡೆದಾಗ ಅವರು ದೂರದ ಬುಲ್ಡಾಣಾದಲ್ಲಿದ್ದರು. ಆ ದಿನಗಳ ಕಾಗದದಲ್ಲಿ ಸಿಗುವುದು ಸುರಪುರದ ಕಾಳಗದಲ್ಲಿ ಪ್ರಾಣ ಬಿಟ್ಟ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ನ್ಯೂಬೆರಿಯಂಥವರ ಹೆಸರು. ಟೇಲರ್ ಮತ್ತೆ ಸುರಪುರಕ್ಕೆ ಬಂದದ್ದು ಕಾಳಗ ಮುಗಿದ ಮೇಲೆ.

ಇನ್ನೊಂದು ತೊಡಕು ಅಕ್ಷರದ್ದು. ಆಗಿನ ಇಂಗ್ಲಿಷರು ಕಿವಿಗೆ ಬಿದ್ದಂತೆ ಬರೆದರು. ಸುರಪುರ ‘ಶೋರಾಪುರ್’ ಆಯಿತು, ಮಹಾದೇವ ‘ಮಹಾದೇಓ’ ಆಯಿತು. ನಾನೂ ಶುರುವಿನಲ್ಲಿ ಈಗಿನ ಕಾಗುಣಿತ ಹಾಕಿ ಹುಡುಕಿ ಬರಿಗೈಲಿ ಎದ್ದವನೇ. ಸರ್ಕಾರಿ ವರದಿಯಲ್ಲಂತೂ ಹುದ್ದೆ, ಮನೆತನದ ಹೆಸರು ಇಷ್ಟೇ ಇರುತ್ತೆ. ಜನ ಪ್ರೀತಿಯಿಂದ ಇಟ್ಟ ಹೆಸರನ್ನು ಯಾವ ಗುಮಾಸ್ತ ಬರೆದಾನು?

ಟೇಲರ್ ಆತ್ಮಕತೆ ಓದಿ. ಅವರು ತೀರಿದ ಮರುವರ್ಷ, 1877ರಲ್ಲಿ ಮಗಳು ಆಲಿಸ್ ಅಚ್ಚು ಹಾಕಿಸಿದರು. ಕಾಳಗದ ನಂತರ ಸೆರೆಯಲ್ಲಿದ್ದ ವೆಂಕಟಪ್ಪ ನಾಯಕನನ್ನು ನೋಡಲು ಟೇಲರ್ ಹೋಗುತ್ತಾರೆ. ರಾಜ ‘ಅಪ್ಪಾ’ ಅಂತ ಕರೆದು ಅವರನ್ನು ಹಿಡಿದುಕೊಳ್ಳುತ್ತಾನೆ. ಆ ಪುಟ ಓದುವಾಗಲೆಲ್ಲ ನನಗೆ ಸಂಕಟ ಆಗುತ್ತೆ. ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ತನ್ನ ಬಗ್ಗೆ ತಾನೇ, ವರ್ಷಗಳ ಮೇಲೆ ಬರೆದದ್ದು ಅದು. ನಾನು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಕ್ಕೆ ಘಟನೆ ನಡೆದ ತಾರೀಕು, ಬಲಕ್ಕೆ ಅದನ್ನು ಬರೆದ ತಾರೀಕು ಹಾಕುತ್ತೇನೆ. ಎರಡರ ನಡುವೆ ಅಂತರ ಜಾಸ್ತಿಯಾದಷ್ಟೂ ಇನ್ನೊಂದು ಸಾಕ್ಷಿ ಹುಡುಕುತ್ತೇನೆ.

ಅಜ್ಜಿಯ ಮಾತೂ ಆ ನೋಟ್‌ಬುಕ್ಕಿಗೆ ಬರಲಿ. ‘ಮಹಾದೇವ ಬಾಬಾ’ ಅನ್ನೋದು ಅವರಿಗೆ ಯಾರ ಬಾಯಿಂದ ಬಂತು, ಯಾವ ಓಣಿಯಲ್ಲಿ, ಆಗ ಅವರಿಗೆ ಎಷ್ಟು ವಯಸ್ಸು, ಕೇಳಿ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಬರೆದದ್ದನ್ನು ನನಗೂ ಕಳಿಸ್ತೀರಲ್ವಾ?