ಜಾರುವ ಸನ್‌ಮೈಕಾ ಮೇಲೆ ಬಣ್ಣ ನಿಲ್ಲುವುದು ಹೇಗೆ?

ಮನೆ ದುರಸ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆಯ ಸನ್‌ಮೈಕಾ ವಾರ್ಡ್‌ರೋಬ್‌ಗೆ ಗುಲಾಬಿ ಬಣ್ಣದ ವುಡ್ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಎನಾಮೆಲ್ ಬಳಿದೆವು. ಎರಡೇ ತಿಂಗಳಲ್ಲಿ ಹಿಡಿಕೆಯ ಸುತ್ತ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತಿದೆ. ಬಣ್ಣವೇ ಕಳಪೆಯೇ? (ಮಡಿಕೇರಿ)

ಉತ್ತರ: ಬಣ್ಣದ ತಪ್ಪಲ್ಲ, ತಳದ್ದು. ವುಡ್ ಪ್ರೈಮರ್ ಮರದ ರಂಧ್ರಗಳೊಳಗೆ ಇಳಿದು ಬೇರುಬಿಡುತ್ತದೆ. ಸನ್‌ಮೈಕಾದ ಮೇಲ್ಪದರ ಗಟ್ಟಿಯಾದ ಮೆಲಮೈನ್ ರಾಳ. ಅದಕ್ಕೆ ರಂಧ್ರವೇ ಇಲ್ಲ, ಏನನ್ನೂ ಹೀರುವುದಿಲ್ಲ. ಅಲ್ಲಿ ಬಣ್ಣವನ್ನು ಹಿಡಿದಿಡುವುದು ಎರಡೇ: ನೀವು ಉಜ್ಜಿ ಮಾಡಿದ ಸಣ್ಣ ಗೀರುಗಳು ಮತ್ತು ನುಣುಪು ಮೈಗೆ ಅಂಟಲೆಂದೇ ತಯಾರಾದ ಪ್ರೈಮರ್.

ಈಗಿರುವ ಬಣ್ಣವನ್ನು ಪೂರ್ತಿ ತೆಗೆಯಿರಿ. ಸಡಿಲವಾಗಿರುವುದರಿಂದ ಪ್ಲಾಸ್ಟಿಕ್ ಸ್ಕ್ರೇಪರ್‌ಗೇ ಬರುತ್ತದೆ. ಗಟ್ಟಿಯಾಗಿ ಕಂಡ ಕಡೆ ಹಾಗೇ ಬಿಟ್ಟು ಅದರ ಮೇಲೆ ಬಳಿದರೆ ಮುಂದಿನ ವರ್ಷ ಅದೂ ಏಳುತ್ತದೆ. ಬಾಗಿಲುಗಳನ್ನು ಕಳಚಿ, ಒಳಮೈಯಲ್ಲಿ ನಂಬರ್ ಬರೆದ ಟೇಪ್ ಅಂಟಿಸಿ. ಹಿಂಜ್‌ಗಳ ಮೇಲೆ ಬಣ್ಣ ಬೇಡ, ಬಿಗಿಯಾಗಿ ಕೂತುಬಿಡುತ್ತವೆ.

ಆಮೇಲೆ ತೊಳೆಯುವುದು. ಉಜ್ಜುವ ಮೊದಲೇ ತೊಳೆಯಬೇಕು, ಇಲ್ಲದಿದ್ದರೆ ಉಜ್ಜುಕಾಗದ ಜಿಡ್ಡನ್ನು ಗೀರುಗಳೊಳಗೇ ತುಂಬುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ಎರಡು ಸಲ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಹೊಳಪಿಗೆಂದು ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಹಾಕುತ್ತಿದ್ದ ಪೀಠೋಪಕರಣವಾದರೆ ಮಿನರಲ್ ಟರ್ಪಂಟೈನ್‌ನಲ್ಲಿ ಬಟ್ಟೆ ಬದಲಿಸುತ್ತಾ ಎರಡು ಮೂರು ಸಲ ಒರೆಸಿ. ಸಿಲಿಕೋನ್ ಉಳಿದರೆ ಹೊಸ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ.

ಉಜ್ಜಲು 180 ನಂಬರಿನ ಉಜ್ಜುಕಾಗದ, ಮುಗಿಸಲು 220. ಹೊಳಪು ಸತ್ತು ಮೈಯೆಲ್ಲ ಒಂದೇ ಸಮ ಮಂಕಾದರೆ ಸಾಕು. ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಮಿನುಗುವ ಜಾಗ ಉಳಿದಿದ್ದರೆ ಅಲ್ಲಿಂದಲೇ ಬಣ್ಣ ಏಳುವುದು. ಅಂಚುಗಳಲ್ಲಿ ಕೈ ಹಗುರವಿರಲಿ. ಸನ್‌ಮೈಕಾ ಹಾಳೆ ಒಟ್ಟು 1 ಮಿ.ಮೀ. ದಪ್ಪವಿದ್ದರೂ ಮೇಲಿನ ಬಣ್ಣದ ಕಾಗದ ಬಹಳ ತೆಳು, ಕೆಳಗಿನ ಕಂದು ಪದರ ಕಂಡರೆ ನಿಲ್ಲಿಸಿ. ಮಾಸ್ಕ್ ಹಾಕಿಕೊಂಡೇ ಉಜ್ಜಿ. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದು ಒಣಗಿಸಿ.

ಪ್ರೈಮರ್ ಕೊಳ್ಳುವಾಗ ಡಬ್ಬದ ಮೇಲೆ ಲ್ಯಾಮಿನೇಟ್ (ಸನ್‌ಮೈಕಾದಂಥ ಹಾಳೆ), ಗಾಜು, ಟೈಲ್ಸ್ ಮೇಲೆ ಹಿಡಿಯುತ್ತದೆಂದು ಬರೆದಿದೆಯೇ ಓದಿ. ಸಿಗದಿದ್ದರೆ ಲ್ಯಾಮಿನೇಟ್‌ಗೆ ಹೊಂದುವ, ಹಾರ್ಡ್‌ನರ್ ಬೆರೆಸುವ ಎರಡು ಡಬ್ಬಗಳ ಎಪಾಕ್ಸಿ ಅಥವಾ ಪಿಯು (ಪಾಲಿಯುರೆಥೇನ್) ಪ್ರೈಮರ್ ಕೇಳಿ. ಬೆರೆಸಿದ ಮೇಲೆ ಕೆಲವೇ ಗಂಟೆ ಕೆಲಸಕ್ಕೆ ಬರುತ್ತದೆ, ಹಾಗಾಗಿ ಬೇಕಾದಷ್ಟನ್ನೇ ಬೆರೆಸಿ. ಅಳತೆ ಅಂದಾಜಿನಲ್ಲಿ ಬೇಡ: ಹಾರ್ಡ್‌ನರ್ ಕಡಿಮೆಯಾದರೆ ಅದು ಎಂದೂ ಗಟ್ಟಿಯಾಗದು. ಪಿಯು ಹಾರ್ಡ್‌ನರ್‌ನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೋಸಯನೇಟ್ ಇರುತ್ತದೆ. ಕಿಟಕಿ ಬಾಗಿಲು ತೆರೆದು, ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡೇ ಬಳಿಯಿರಿ. ಬಟ್ಟೆಯ ಮಾಸ್ಕ್‌ನಿಂದ ಏನೂ ಪ್ರಯೋಜನವಿಲ್ಲ.

6 ಅಡಿ ಎತ್ತರ, 4 ಅಡಿ ಅಗಲ, ಒಂದೂಮುಕ್ಕಾಲು ಅಡಿ ಆಳದ ವಾರ್ಡ್‌ರೋಬ್‌ನ ಮುಂಭಾಗ ಮತ್ತು ಎರಡು ಪಕ್ಕ ಸೇರಿ 45 ಚದರ ಅಡಿ. ಲೀಟರ್ ಎನಾಮೆಲ್ ಒಂದು ಕೋಟ್‌ಗೆ ಸುಮಾರು 100 ಚದರ ಅಡಿ ಬರುತ್ತದೆ. ಅರ್ಧ ಲೀಟರ್ ಪ್ರೈಮರ್, ಎರಡು ಕೋಟ್‌ಗೆ 1 ಲೀಟರ್ ಬಣ್ಣ ಸಾಕು. 4 ಇಂಚಿನ ಫೋಮ್ ರೋಲರ್ ಬಳಸಿ, ತೆಳುವಾಗಿ ಎಳೆಯಿರಿ. ಒಂದು ದಪ್ಪ ಕೋಟ್ ಮೇಲೆ ಸಿಪ್ಪೆಗಟ್ಟಿ ಒಳಗೆ ಮೆತ್ತಗೇ ಉಳಿಯುತ್ತದೆ. ಪ್ರೈಮರ್ ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಸವರಿ, ಪುಡಿ ಒರೆಸಿ, ಬಣ್ಣ ಹಚ್ಚಿ.

ಇಷ್ಟೆಲ್ಲ ಮಾಡುವ ಮೊದಲು ಬಾಗಿಲಿನ ಒಳಮೈಯಲ್ಲಿ ಅಂಗೈಯಗಲ ಜಾಗವನ್ನು ಹೀಗೇ ತೊಳೆದು ಉಜ್ಜಿ, ಪ್ರೈಮರ್, ಬಣ್ಣ ಎಲ್ಲ ಹಚ್ಚಿ ಒಂದು ವಾರ ಬಿಡಿ. ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಅಡ್ಡ ಆರು, ಉದ್ದ ಆರು ಗೆರೆ ಕೊಯ್ದು, ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆಯಿರಿ. ಚೌಕಗಳು ಪ್ರೈಮರ್ ಸಮೇತ ಎದ್ದರೆ ತೊಳೆದದ್ದು ಉಜ್ಜಿದ್ದು ಸಾಲದು, ಅಥವಾ ಪ್ರೈಮರ್ ಹೊಂದುತ್ತಿಲ್ಲ. ಪ್ರೈಮರ್ ಉಳಿದು ಬಣ್ಣವಷ್ಟೇ ಎದ್ದರೆ ಪ್ರೈಮರ್ ಸರಿಯಾಗಿ ಒಣಗಿಲ್ಲ ಅಥವಾ ಅದನ್ನು ಸವರಿಲ್ಲ.

ಪ್ರಶ್ನೆ: ಜುಲೈನಲ್ಲಿ ಹೋಂಸ್ಟೇಗೆ ಅತಿಥಿಗಳು ಕಡಿಮೆ, ಆಗಲೇ ಕಪಾಟುಗಳಿಗೆ ಬಣ್ಣ ಹೊಡೆಸಬಹುದೇ? ಹೋದ ವರ್ಷ ಹೊಡೆಸಿದ ಬಾಗಿಲುಗಳು ಚೌಕಟ್ಟಿಗೆ ಅಂಟಿಕೊಂಡು ಕಿತ್ತು ಬಂದವು. (ವಿರಾಜಪೇಟೆ)

ಉತ್ತರ: ಬೇಡ. ಬಿಡುವಿರುವಾಗಲೇ ಮುಗಿಸುವ ಆಸೆ ಸಹಜ, ಆದರೆ ಆ ತಿಂಗಳ ಗಾಳಿಯಲ್ಲಿ ಬಣ್ಣ ಒಣಗುವುದಿಲ್ಲ. ಸಾಮಾನ್ಯವಾಗಿ ಡಬ್ಬಗಳ ಮೇಲೆ ತೇವಾಂಶ 85%ಕ್ಕಿಂತ ಕಡಿಮೆ ಇರಬೇಕೆಂದು ಬರೆದಿರುತ್ತದೆ. 70ಕ್ಕಿಂತ ಕೆಳಗಿದ್ದರೆ ನೆಮ್ಮದಿ. ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್ ಒಂದನ್ನು ಆ ಕೋಣೆಯಲ್ಲೇ ಇಟ್ಟು ನೋಡಿ. ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೇ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುವುದು ಹಾಗೆಯೇ.

ಕೊಡಗಿನಲ್ಲಿ ಈ ಕೆಲಸಕ್ಕೆ ಸರಿಯಾದ ಕಾಲ ಹುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲಿಂದ ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಯ ತನಕ. ಆಗಲೂ ಬೆಳಗಿನ ಮಂಜು ಬಿಟ್ಟ ಮೇಲೆ, ಹತ್ತು ಗಂಟೆಯಿಂದ ಮಧ್ಯಾಹ್ನ ಎರಡರೊಳಗೆ ಬಳಿದು ಮುಗಿಸಿ. ಸಂಜೆ ಇಬ್ಬನಿ ಇಳಿಯುವ ಹೊತ್ತಿಗೆ ಮೈ ಮುಟ್ಟಲು ಒಣಗಿರಬೇಕು. ಒಂದು ತೊಡಕಿದೆ: ಅದೇ ತಿಂಗಳುಗಳಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕಣದ ಕಡೆಯ ವರಾಂಡದಲ್ಲಿ ಬಾಗಿಲುಗಳನ್ನಿಟ್ಟರೆ ಹಸಿ ಬಣ್ಣದ ಮೇಲೆ ಸಿಪ್ಪೆಯ ಧೂಳು ಕೂರುತ್ತದೆ. ಒಳಕೋಣೆಯಲ್ಲೇ ಬಳಿಯಿರಿ.

ಬಾಗಿಲು ಅಂಟಿದ್ದು ಬಣ್ಣ ಹಣ್ಣಾಗದೆ ಮುಚ್ಚಿದ್ದರಿಂದ. ಮುಟ್ಟಲು ಒಣಗುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಬಹಳ ಅಂತರವಿದೆ. ಒಳ್ಳೆಯ ಬಿಸಿಲಿದ್ದರೂ ಎರಡನೆಯದಕ್ಕೆ ಒಂದರಿಂದ ಮೂರು ವಾರ ಬೇಕು. ಬಾಗಿಲು ಜೋಡಿಸಿದರೂ ಒಂದು ವಾರ ತೆರೆದಿಡಿ, ಮೂಲೆಗಳಿಗೆ ರಬ್ಬರ್ ಬಂಪರ್ ಬೊಟ್ಟುಗಳನ್ನು ಅಂಟಿಸಿ.

ಮಳೆಗಾಲದಲ್ಲಿ ಮಾಡಬಹುದಾದ ಕೆಲಸವೂ ಇದೆ. ಕಪಾಟುಗಳನ್ನು ಗೋಡೆಯಿಂದ 3 ಇಂಚು ಮುಂದಕ್ಕೆಳೆದು ಹಿಂಬದಿಯ ಬೂಷ್ಟು ನೋಡಿ. ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ, ಗ್ಲೌಸ್ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು ನೀರಿನ ಬಟ್ಟೆಯಲ್ಲಿ ತೆಗೆಯಿರಿ. ಬ್ಲೀಚ್‌ಗೆ ಟಾಯ್ಲೆಟ್ ಆ್ಯಸಿಡ್ ತಾಗಿಸಬೇಡಿ, ವಿಷಕಾರಿ ಕ್ಲೋರಿನ್ ಏಳುತ್ತದೆ. ಬೂಷ್ಟಿನ ಮೇಲೇ ಬಣ್ಣ ಬಳಿದರೆ ಅದು ಮತ್ತೆ ಮೇಲೆ ಬರುತ್ತದೆ.

ಪ್ರಶ್ನೆ: ಅಡುಗೆಮನೆಯ ಸಿಂಕ್ ಕೆಳಗಿನ ಪಾರ್ಟಿಕಲ್ ಬೋರ್ಡ್ ಬಾಗಿಲು ಬುಡದಲ್ಲಿ ಉಬ್ಬಿದೆ. ಒಣಗಿಸಿ ಬಣ್ಣ ಹೊಡೆಯಬಹುದೇ? (ಕುಶಾಲನಗರ)

ಉತ್ತರ: ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಒಳಗಿನ ಚಕ್ಕೆಗಳ ಅಂಟು ಬಿಟ್ಟಿರುತ್ತದೆ. ಅಕ್ಕಿ ರೊಟ್ಟಿ ಉಬ್ಬಿದ ಹಾಗೆ ಕಂಡರೆ ಆ ಬಾಗಿಲನ್ನೇ ಬದಲಿಸಿ. ಉಬ್ಬು ಒಂದೆರಡು ಮಿ.ಮೀ. ಆದರೆ ಉಜ್ಜಿ ಸಮ ಮಾಡಿ, ಎಪಾಕ್ಸಿ ಪುಟ್ಟಿ ತುಂಬಿ, ಮತ್ತೆ ಉಜ್ಜಿ. ಅತಿ ಮುಖ್ಯವಾದದ್ದು ಕೆಳ ಅಂಚು: ಯಾರೂ ನೋಡದ ಆ ಅಂಚಿಗೆ ಎರಡು ಕೋಟ್ ಪ್ರೈಮರ್ ಕುಡಿಸಿ. ನೀರು ಒಳಹೊಕ್ಕದ್ದು ಅಲ್ಲಿಂದಲೇ. ಸೋರುವ ಪೈಪ್ ಮೊದಲು ಸರಿಮಾಡಿ.

ಬಾಗಿಲ ಮೈ ಪ್ಲಾಸ್ಟಿಕ್ ಫಾಯಿಲ್‌ನದಾಗಿದ್ದರೆ (ಮೂಲೆಯಲ್ಲಿ ರಬ್ಬರಿನಂತೆ ಎದ್ದು ಬರುತ್ತದೆ) ಥಿನ್ನರ್ ಮುಟ್ಟಿಸಬೇಡಿ, ಮೆತ್ತಗಾಗುತ್ತದೆ. ಅದಕ್ಕೆ ನೀರಿನ ಪ್ರೈಮರ್ ಒಂದೇ ದಾರಿ. ಸೌದೆ ಒಲೆ ಇರುವ ಅಡುಗೆಮನೆಯಾದರೆ ಹೊಗೆಯ ಜಿಡ್ಡಿಗೆ ಸೋಪು ಸಾಲದು, ಲೀಟರ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ತೊಳೆದು, ಸೋಡಾ ಉಳಿಯದಂತೆ ನೀರಲ್ಲಿ ಒರೆಸಿ.

ಪ್ರಶ್ನೆ: ಊಟದ ಮೇಜಿನ ಸನ್‌ಮೈಕಾ ಬಣ್ಣಗೆಟ್ಟಿದೆ. ಬಣ್ಣ ಹಾಕಲೇ? (ಸೋಮವಾರಪೇಟೆ)

ಉತ್ತರ: ಮೇಜಿಗೆ ನಮ್ಮ ಸಲಹೆ ಬೇರೆ. ಬಿಸಿ ಪಾತ್ರೆ ಇಡುವ, ದಿನವೂ ಒರೆಸುವ ಜಾಗದಲ್ಲಿ ಮನೆಯಲ್ಲಿ ಹಚ್ಚಿದ ಬಣ್ಣ ಹೆಚ್ಚು ಕಾಲ ಬಾಳದು. ಹಳೆಯದು ಗಟ್ಟಿಯಾಗಿ ಅಂಟಿದ್ದರೆ ಉಜ್ಜಿ, ಅದರ ಮೇಲೇ 1 ಮಿ.ಮೀ. ಹೊಸ ಹಾಳೆ ಅಂಟಿಸಿ. ಹಾಳೆ 8×4 ಅಡಿ ಬರುತ್ತದೆ, ಆರು ಜನರ ಮೇಜಿಗೆ ಒಂದು ಸಾಕು. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಡಿ. ಒಮ್ಮೆ ತಾಗಿತೆಂದರೆ ಸರಿಸಲಾಗದು, ಆದ್ದರಿಂದ ನಡುವೆ ಕಡ್ಡಿಗಳನ್ನಿಟ್ಟು ಒಂದೊಂದೇ ಎಳೆಯುತ್ತಾ ನಡುವಿನಿಂದ ಅಂಚಿಗೆ ಒತ್ತಿ. ಕಾಲುಗಳಿಗೆ ಬೇಕಿದ್ದರೆ ಬಣ್ಣ ಹೊಡೆಯಿರಿ.

ಪ್ರಶ್ನೆ: ಬಿಳಿ ಎನಾಮೆಲ್ ಹೊಡೆದ ಕಪಾಟಿನ ಒಳಭಾಗ ಮಾತ್ರ ಹಳದಿಯಾಗಿದೆ, ಹೊರಗೆ ಬಿಳಿಯೇ ಇದೆ. ಯಾಕೆ? (ಗೋಣಿಕೊಪ್ಪ)

ಉತ್ತರ: ಟರ್ಪಂಟೈನ್ ಬೆರೆಸುವ ಎನಾಮೆಲ್‌ನ ಗುಣವದು. ಅದರ ಎಣ್ಣೆಯಂಶ ಕತ್ತಲಲ್ಲಿ ಹಳದಿಗಟ್ಟುತ್ತದೆ, ಬೆಳಕಿನಲ್ಲಿ ಅಷ್ಟಾಗಿ ಅಲ್ಲ. ಮಳೆಗಾಲವಿಡೀ ಮುಚ್ಚಿಟ್ಟ ಕಪಾಟಿನಲ್ಲಿ ಇನ್ನೂ ಎದ್ದು ಕಾಣುತ್ತದೆ. 220ರಲ್ಲಿ ಉಜ್ಜಿ, ಒರೆಸಿ, ಎರಡು ಕೋಟ್ ನೀರಿನ ಎನಾಮೆಲ್ ಹಾಕಿ. ಬಟ್ಟೆ ಜೋಡಿಸುವ ಮುನ್ನ ಎರಡು ವಾರ ಬಾಗಿಲು ತೆರೆದಿರಲಿ.