ಗೇಟು ಮುಚ್ಚಿದ್ದು ಯಾರು, ಏಕೆ? ಗುಲ್ಮರ್ಗ್ ಚಳಿಗಾಲದ ಕೂಟ: ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ನಾಲ್ವರು ಫೆಬ್ರವರಿಯಲ್ಲಿ ಗುಲ್ಮರ್ಗ್‌ಗೆ ಸ್ಕೀ ಮಾಡಲು ಹೊರಟಿದ್ದೇವೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ಅದೇ ವಾರ ಬಂದರೆ ಬೆಟ್ಟವೇ ಬಂದ್ ಆಗುತ್ತದೆಯೇ? (ಮೈಸೂರು)

ಇಡೀ ಬೆಟ್ಟ ಬಂದ್ ಆಗುವುದಿಲ್ಲ. ಆಲ್ಪೈನ್ (ಕಡಿದಾದ ಇಳಿಜಾರಿನಲ್ಲಿ ಜಾರುವ) ಸ್ಪರ್ಧೆಗಳು ಗೊಂಡೋಲಾದ (ಕೇಬಲ್ ಕಾರಿನ) ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯ ಇಳಿಜಾರಿನಲ್ಲಿ ನಡೆಯುತ್ತವೆ. ನಾರ್ಡಿಕ್ (ಸಮತಟ್ಟಿನಲ್ಲಿ ಸ್ಕೀ ಮೇಲೆ ಸಾಗುವ) ಓಟಕ್ಕೆ ಕೆಳಗಿನ ಗಾಲ್ಫ್ ಕೋರ್ಸ್ ಬಳಕೆಯಾಗುತ್ತದೆ. ಬಲೆ ಮತ್ತು ಹಗ್ಗ ಕಟ್ಟಿದ ಆ ಪಟ್ಟಿಗಳಿಗೆ ಮಾತ್ರ ಪ್ರವೇಶವಿಲ್ಲ.

ಆದರೆ ಗುಲ್ಮರ್ಗ್‌ನಲ್ಲಿ 'ಮುಚ್ಚಿದೆ' ಎಂಬ ಮಾತಿಗೆ ಮೂರು ಅರ್ಥಗಳಿವೆ. ಸ್ಪರ್ಧೆಗಾಗಿ ಮುಚ್ಚಿದ್ದು ಆ ದಿನದ ಓಟ ಮುಗಿದ ಮೇಲೆ ತೆರೆದೀತು, ಅದನ್ನು ಸಂಘಟಕರಲ್ಲಿ ಕೇಳಿ. ಹಿಮಕುಸಿತದ ಭಯದಿಂದ ಮುಚ್ಚಿದ್ದರೆ ಸ್ಕೀ ಗಸ್ತಿನವರು ಹೇಳುವ ತನಕ ತೆರೆಯದು. ಮೂರನೆಯದು ಸೇನೆಯ ನಿರ್ಬಂಧ: ನಿಯಂತ್ರಣ ರೇಖೆ ಹತ್ತಿರವೇ ಇರುವುದರಿಂದ ಗುಲ್ಮರ್ಗ್‌ನ ಮೇಲಿರುವ ಅಫರ್ವತ್ ಶಿಖರಸಾಲಿನ ಆಚೆಗೆ ಇಳಿಯುವ ಮಾತೇ ಬೇಡ, ಅಲ್ಲಿ ಚೌಕಾಸಿ ನಡೆಯುವುದಿಲ್ಲ. ಯಾವ ಗೇಟನ್ನು ಯಾರು ಮುಚ್ಚಿದ್ದಾರೆ ಎಂದು ಬೆಳಿಗ್ಗೆಯೇ ಕೇಳಿಕೊಳ್ಳಿ. ಸಂಘಟಕರ ಸ್ವಯಂಸೇವಕ 'ಹೋಗಿ ಸಾರ್' ಅಂದರೆ ಓಟ ಮುಗಿದಿದೆ ಎಂದಷ್ಟೇ ಅರ್ಥ. ಮೇಲಿನ ಹಿಮ ಹೇಗಿದೆ ಎಂಬುದು ಅವನ ಕೆಲಸವಲ್ಲ.

(ಪತ್ರಿಕೆಗಳಲ್ಲಿ ಹಿಮ ಬೀಳುವುದಕ್ಕೂ ಜರಿಯುವುದಕ್ಕೂ 'ಹಿಮಪಾತ' ಎಂದೇ ಬರೆಯುವುದುಂಟು. ಇಲ್ಲಿ ಜರಿಯುವುದನ್ನು 'ಹಿಮಕುಸಿತ' ಎಂದಿದ್ದೇವೆ. ಗೊಂದಲ ಬೇಡ.)

ಪ್ರಶ್ನೆ: ಕೂಟದ ದಿನಾಂಕ ನೋಡಿಕೊಂಡು ವಿಮಾನದ ಟಿಕೆಟ್ ತೆಗೆಯಬಹುದೇ? (ಹುಬ್ಬಳ್ಳಿ)

ಹಣ ವಾಪಸು ಬರುವ ಅಥವಾ ದಿನ ಬದಲಿಸಬಹುದಾದ ಟಿಕೆಟ್ ಆದರೆ ಮಾತ್ರ. 2025ರಲ್ಲಿ ಗುಲ್ಮರ್ಗ್ ಭಾಗದ ಸ್ಪರ್ಧೆಗಳು ಫೆಬ್ರವರಿ 22ರಿಂದ 25ಕ್ಕೆ ನಿಗದಿಯಾಗಿದ್ದವು. ಹಿಮ ಸಾಲದೆ ಮುಂದೂಡಿ, ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಹಿಮ ಜೋರಾಗಿ ಬಿದ್ದರೆ ಶ್ರೀನಗರಕ್ಕೆ ವಿಮಾನಗಳೇ ಇಳಿಯವು. ಹಿಂದೆ ಮುಂದೆ ಒಂದೊಂದು ದಿನ ಖಾಲಿ ಬಿಟ್ಟುಕೊಳ್ಳಿ.

ಪ್ರಶ್ನೆ: ಶ್ರೀನಗರದಿಂದ ನಮ್ಮದೇ ಬಾಡಿಗೆ ಕಾರಿನಲ್ಲಿ ಗುಲ್ಮರ್ಗ್ ತಲುಪಬಹುದೇ? (ಬೆಂಗಳೂರು)

ಟಂಗ್‌ಮರ್ಗ್‌ವರೆಗೆ ಸಲೀಸು. ಅಲ್ಲಿಂದ ಮೇಲಕ್ಕೆ 13 ಕಿ.ಮೀ. ಘಾಟಿ. ರಸ್ತೆಯಲ್ಲಿ ಹಿಮವಿದ್ದ ದಿನ ಚಕ್ರಕ್ಕೆ ಸರಪಳಿ ಇಲ್ಲದ ಗಾಡಿಯನ್ನು ಟಂಗ್‌ಮರ್ಗ್‌ನಲ್ಲೇ ನಿಲ್ಲಿಸುತ್ತಾರೆ. ಸರಪಳಿ ಡಿಕ್ಕಿಯಲ್ಲಿದ್ದರೆ ಸಾಲದು, ಚಾಲಕನಿಗೆ ಅದನ್ನು ಕಟ್ಟಲು ಬರಬೇಕು: ಎಂಜಿನ್ ಚಾಲನೆ ಕೊಡುವ ಚಕ್ರಗಳಿಗೇ ಕಟ್ಟಬೇಕು, ನೂರಿನ್ನೂರು ಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಸಡಿಲ ಬಿಟ್ಟರೆ ಸರಪಳಿ ಬ್ರೇಕ್ ಪೈಪಿಗೆ ಬಡಿಯುತ್ತದೆ. ಇದೆಲ್ಲ ತಾಪತ್ರಯ ಎನಿಸಿದರೆ ಟಂಗ್‌ಮರ್ಗ್‌ನ ಸ್ಥಳೀಯ ಟ್ಯಾಕ್ಸಿ ಹಿಡಿಯಿರಿ, ನಮ್ಮ ಮತವೂ ಅದಕ್ಕೇ. ಉದ್ಘಾಟನೆ ಮತ್ತು ಸಮಾರೋಪದ ದಿನ ಗಣ್ಯರ ವಾಹನಗಳಿಗಾಗಿ ಗಾಡಿಗಳನ್ನು ತಡೆಯುವುದು ಸಾಮಾನ್ಯ. ಆ ಎರಡು ದಿನ ಬೆಳಗಾಗುವ ಮುಂಚೆ ಹೊರಡಿ.

ಗೊಂಡೋಲಾ ಟಿಕೆಟನ್ನು ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳಿ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲುತ್ತದೆ, ಕೂಟಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ನಾಲ್ವರಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಪ್ರಶ್ನೆ: ಸ್ಪರ್ಧೆಗಾಗಿ ಕೊಂಗ್‌ಡೂರಿ ಮುಚ್ಚಿದ್ದರೆ ಪಕ್ಕದ ಖಿಲನ್‌ಮರ್ಗ್ ಕಡೆಗೆ ಸರಿದು ಬ್ಯಾಕ್‌ಕಂಟ್ರಿಯಲ್ಲಿ (ಗಸ್ತಿನ ಎಲ್ಲೆಯ ಹೊರಗಿನ ಇಳಿಜಾರಿನಲ್ಲಿ) ಇಳಿಯಬಹುದಲ್ಲ? ಅಲ್ಲಿ ಹಗ್ಗವೂ ಇರುವುದಿಲ್ಲ. (ಮಂಗಳೂರು)

ಹಗ್ಗವಿಲ್ಲ ಎಂದರೆ ಹೊಣೆ ಹೊರುವವರೂ ಇಲ್ಲ ಎಂದೇ ತಿಳಿಯಿರಿ. ಗಸ್ತಿನವರು ಸ್ಫೋಟಕ ಹಾಕಿ ಹಿಮ ಇಳಿಸಿ ಹದಗೊಳಿಸುವುದು ಗೊಂಡೋಲಾ ಬೌಲ್ ಎನ್ನುವ ಭಾಗವನ್ನು. ಅದರ ಎಲ್ಲೆ ದಾಟಿದರೆ ಅಫರ್ವತ್‌ನ ಹಿಮ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ.

2024ರ ಕೂಟದ ಗುಲ್ಮರ್ಗ್ ಭಾಗ ಫೆಬ್ರವರಿ 21ಕ್ಕೆ ಶುರುವಾಯಿತು. ಮರುದಿನವೇ ಖಿಲನ್‌ಮರ್ಗ್ ಮೇಲ್ಭಾಗದಲ್ಲಿ ಹಿಮ ಜರಿದು ರಷ್ಯಾದ ಸ್ಕೀಗಾರರೊಬ್ಬರು ಸತ್ತರು, ಜೊತೆಗಿದ್ದವರನ್ನು ರಕ್ಷಿಸಲಾಯಿತು. ಅದರ ಹಿಂದಿನ ವರ್ಷ ಫೆಬ್ರವರಿ 1ರಂದು ಅಫರ್ವತ್‌ನ ಹಾಪತ್‌ಖುಡ್‌ನಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸತ್ತರು.

2024ರ ಹಿಮದ ಕತೆ ತಿಳಿದುಕೊಳ್ಳುವಂಥದ್ದು. ಆ ವರ್ಷ ಜನವರಿಯ ಬಹುಪಾಲು ಗುಲ್ಮರ್ಗ್ ಒಣಗಿತ್ತು. ನೆಲದ ಮೇಲೆ ತೆಳ್ಳಗೆ ಹಿಮವಿದ್ದು, ರಾತ್ರಿ ಆಕಾಶ ಬರಿದಾಗಿ ಚಳಿ ಕೊರೆದರೆ ಆ ಹಿಮ ಸಕ್ಕರೆಯಂಥ ಬಿಡಿ ಹರಳಾಗುತ್ತದೆ. ಒಂದಕ್ಕೊಂದು ಅಂಟುವುದಿಲ್ಲ. ಫೆಬ್ರವರಿಯಲ್ಲಿ ಅದರ ಮೇಲೆ ದಪ್ಪ ಹಿಮ ಬಿದ್ದು ಗಾಳಿಗೆ ಗಟ್ಟಿಯಾದರೆ, ರಾಗಿ ಹರಡಿದ ನೆಲದ ಮೇಲೆ ಹಲಗೆ ಹಾಕಿ ನಿಂತ ಹಾಗೆ. ಒಬ್ಬನ ಭಾರಕ್ಕೆ ಇಡೀ ಹಲಗೆ ಜಾರುತ್ತದೆ. ಹೊಸ ಹಿಮ ಬಿದ್ದು ಎರಡು ದಿನ ಕಾದರೆ ಸಾಕು ಎನ್ನುವ ಮಾತು ಇಂಥ ತಳದ ಮೇಲೆ ನಡೆಯದು, ವಾರಗಟ್ಟಲೆ ಅಪಾಯ ಉಳಿಯುತ್ತದೆ.

ಹೋಗಲೇಬೇಕೆಂದರೆ ಮಾರ್ಗದರ್ಶಿ ಇಲ್ಲದೆ ಬೇಡ. ಚಂಡೀಗಢದ ಡಿಜಿಆರ್‌ಇ (ಡಿಆರ್‌ಡಿಒದ ಸಂಶೋಧನಾ ಸಂಸ್ಥೆ) ಹೊರಡಿಸುವ ಹಿಮಕುಸಿತದ ಮುನ್ಸೂಚನೆ ಜಿಲ್ಲಾವಾರು ಇರುತ್ತದೆ. ಗುಲ್ಮರ್ಗ್ ಬರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ, ಆ ಸಾಲನ್ನು ಓದಿ. ಇಡೀ ಜಿಲ್ಲೆಗೆ ಒಂದೇ ಮಾತು ಹೇಳುವುದರಿಂದ ನಿಮ್ಮ ಇಳಿಜಾರಿನ ಗತಿ ಅದರಲ್ಲಿ ಸಿಗದು. ಅದಕ್ಕೆ ಗಸ್ತಿನವರನ್ನೇ ಕೇಳಬೇಕು. ಹಲಗೆಯಂಥ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಮೊಬೈಲಿನಲ್ಲೇ ಕೋನ ಅಳೆಯಬಹುದು. ನೀವು ನಿಂತ ಜಾಗ 25 ಡಿಗ್ರಿ ಇದ್ದರೂ ತಲೆಯ ಮೇಲಿನದು 38 ಇದ್ದರೆ ಲೆಕ್ಕ ತಪ್ಪಿತು. ಒಬ್ಬರು ಇಳಿದು ಪಕ್ಕದ ಸುರಕ್ಷಿತ ಜಾಗಕ್ಕೆ ಸರಿದ ಮೇಲೆ ಮತ್ತೊಬ್ಬರು ಇಳಿಯಬೇಕು.

ಪ್ರಶ್ನೆ: ಯಾವ ಸಲಕರಣೆ ಬೇಕೇ ಬೇಕು? (ಶಿವಮೊಗ್ಗ)

ತಲೆಗೊಂದರಂತೆ ಮೂರು: 457 ಕಿಲೋಹರ್ಟ್ಸ್‌ನ ಮೂರು ಆಂಟೆನಾದ ಟ್ರಾನ್ಸೀವರ್ (ಹೂತವರನ್ನು ರೇಡಿಯೊ ಸಂಕೇತದಿಂದ ಹುಡುಕುವ ಸಾಧನ), ಹಿಮಕ್ಕೆ ಚುಚ್ಚಿ ಹುಡುಕುವ ಕನಿಷ್ಠ 240 ಸೆಂ.ಮೀ. ಉದ್ದದ ಪ್ರೋಬ್ ಕಡ್ಡಿ, ಲೋಹದ ಸಲಿಕೆ. ಕುಸಿದ ಹಿಮ ಗಾರೆಯಂತೆ ಬಿಗಿಯುತ್ತದೆ, ಪ್ಲಾಸ್ಟಿಕ್ ಸಲಿಕೆ ಮುರಿಯುತ್ತದೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ದಂಡ. ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು-ಹದಿನೈದು ನಿಮಿಷದ ನಂತರ ಸರ್ರನೆ ಇಳಿಯುತ್ತದೆ. ಕೆಳಗಿನಿಂದ ರಕ್ಷಣಾ ತಂಡ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಹುಡುಕಬೇಕಾದವರು ನೀವೇ.

ಟ್ರಾನ್ಸೀವರ್ ವಿಷಯದಲ್ಲಿ ಎಡವುವುದು ಸಣ್ಣ ಕಾರಣಕ್ಕೆ. ತಯಾರಕರು ಒಪ್ಪದ ಹೊರತು ರೀಚಾರ್ಜ್ ಬ್ಯಾಟರಿ ಹಾಕಬೇಡಿ, ಹೊಸ ಆಲ್ಕಲೈನ್ ಹಾಕಿ. ಮೊಬೈಲ್ ಮತ್ತು ಬಿಸಿ ಕೈಗವಸು ಅದರಿಂದ 20 ಸೆಂ.ಮೀ. ದೂರವಿರಲಿ, ಹುಡುಕುವಾಗ 50 ಸೆಂ.ಮೀ. ಹೊರಡುವ ಮುನ್ನ ಮುಂದಾಳು 'ಹುಡುಕು' ಸ್ಥಿತಿಗೆ ಹಾಕಿ ನಿಲ್ಲಲಿ, ಉಳಿದವರು ಒಬ್ಬೊಬ್ಬರಾಗಿ ಎದುರಿಗೆ ಹಾದುಹೋಗಲಿ, ಆಮೇಲೆ ಅದಲುಬದಲು. ಪ್ರೋಬ್ ಚುಚ್ಚುವಾಗ ಹಿಮದ ಮೈಗೆ ಲಂಬವಾಗಿ ಚುಚ್ಚಿ, 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ ಹೊರಕ್ಕೆ ಸಾಗಿ. ತಗುಲಿದರೆ ಕಡ್ಡಿ ಕೀಳಬೇಡಿ. ಆಳದ ಒಂದೂವರೆಪಟ್ಟು ಇಳಿಜಾರಿನ ಕೆಳಕ್ಕೆ ಹೋಗಿ ಅಲ್ಲಿಂದ ಒಳಮುಖವಾಗಿ ಅಗೆಯಿರಿ. ನೇರ ಮೇಲಿಂದ ಅಗೆದರೆ ಹೂತವರ ಉಸಿರಿನ ಜಾಗವನ್ನು ನೀವೇ ತುಳಿಯುತ್ತೀರಿ.

ಗಾಳಿಚೀಲದ ಬ್ಯಾಗ್ (ಕುಸಿತದಲ್ಲಿ ಉಬ್ಬಿ ನಿಮ್ಮನ್ನು ಹಿಮದ ಮೇಲ್ಭಾಗದಲ್ಲಿ ಇರಿಸಲು ನೆರವಾಗುವ ಬೆನ್ನುಚೀಲ) ಇದ್ದರೆ ಅದರ ಸಿಲಿಂಡರಿಗೆ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೆಂಪೇಗೌಡ ನಿಲ್ದಾಣದ ತಪಾಸಣೆಯಲ್ಲಿ ವಾದಿಸಿ ಫಲವಿಲ್ಲ.

ಪ್ರಶ್ನೆ: ನಮಗೆ ಸ್ಕೀ ಬರುವುದಿಲ್ಲ. ಕರ್ನಾಟಕದವರ ಸ್ಪರ್ಧೆ ನೋಡಿದರೆ ಸಾಕು. (ಮಡಿಕೇರಿ)

ಹಾಗಾದರೆ ಗಾಲ್ಫ್ ಕೋರ್ಸ್‌ನ ನಾರ್ಡಿಕ್ ಓಟ ನೋಡಿ, ಗೊಂಡೋಲಾ ಟಿಕೆಟ್ಟೂ ಬೇಡ. ನಿಮ್ಮ ಕೊಡಗಿನವರೇ ಆದ ಭವಾನಿ ತೆಕ್ಕಡ ನಂಜುಂಡ ಅವರದು ಇದೇ ಕ್ರೀಡೆ. 2024ರಲ್ಲಿ ಪದಕಪಟ್ಟಿಯಲ್ಲಿ ಸೇನೆಯ ನಂತರ ಎರಡನೆಯ ಸ್ಥಾನ ಕರ್ನಾಟಕಕ್ಕೆ ಬಂದಿತ್ತು. ಗುಲ್ಮರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಬಂದ ದಿನ ಓಡಾಟ ಕಡಿಮೆ ಇರಲಿ. ಡ್ರೋನ್ ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದ ಉಪಗ್ರಹ ಫೋನು, ಉಪಗ್ರಹ ಮೆಸೆಂಜರ್‌ಗಳನ್ನೂ ಮನೆಯಲ್ಲೇ ಬಿಡಿ. ವಿದೇಶದಿಂದ ಬರುವ ನೆಂಟರಿಗೆ ಇದನ್ನು ಮುಂಚೆಯೇ ಹೇಳಿಬಿಡಿ.