ಕರಿ ಕೋಟು ಬಿಚ್ಚದೆ ಶಾಸಕರಾಗಬಹುದೇ?

ಪ್ರಶ್ನೆ: ತಾಲ್ಲೂಕು ಕೋರ್ಟಿನಲ್ಲಿ 14 ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಹೆಚ್ಚಾಗಿ ವಾಟ್ನಿ (ಆಸ್ತಿ ಪಾಲು) ದಾವೆ, ದಾರಿ ತಕರಾರು, ಇಂಜಂಕ್ಷನ್. ಎರಡು ವರ್ಷದಿಂದ ಸರ್ಕಾರಿ ವಕೀಲನೂ ಹೌದು. ಮುಂದಿನ ವಿಧಾನಸಭೆ ಚುನಾವಣೆಗೆ ನಿಲ್ಲಿ ಎಂದು ಪಕ್ಷದವರು ಬೆನ್ನು ಹತ್ತಿದ್ದಾರೆ. ಗೆದ್ದರೆ ವಕೀಲಿಕೆ ಬಿಡಬೇಕಾ? "ಅದೂ ಹೋತು, ಇದೂ ಹೋತು ಅನ್ನಂಗ ಆಗತೈತಿ ನೋಡ್ರಿ" ಅಂತಾಳೆ ನನ್ನ ಹೆಂಡತಿ.
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ. ಬಿಡಬೇಕಿಲ್ಲ. ವಕೀಲ ಪೂರ್ಣಾವಧಿ ಸಂಬಳದ ನೌಕರಿ ಮಾಡಬಾರದು ಎನ್ನುತ್ತದೆ ಬಾರ್ ಕೌನ್ಸಿಲ್‌ನ 49ನೇ ನಿಯಮ. ಶಾಸಕರಿಗೂ ಸಂಬಳ ಬರುತ್ತದಲ್ಲ, ಹಾಗಾದರೆ ಅವರಿಗೂ ಇದು ಅನ್ವಯಿಸಬೇಕಲ್ವಾ ಎಂದು ವಕೀಲ ಅಶ್ವಿನಿ ಕುಮಾರ್ ಉಪಾಧ್ಯಾಯ ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಶಾಸಕ ಸರ್ಕಾರದ ನೌಕರನಲ್ಲ, ಅವನಿಗೆ ಸರ್ಕಾರ ಯಜಮಾನನೂ ಅಲ್ಲ, ಹಾಗಾಗಿ ಆ ನಿಯಮ ತಾಗುವುದಿಲ್ಲ ಎಂದಿತು ಕೋರ್ಟು. ಮಂತ್ರಿಯಾದರೆ ಮಾತ್ರ ಕೋಟು ಗೂಟಕ್ಕೆ ಹಾಕುವುದೇ ರೂಢಿ.

ನಿಮಗೆ ನಿಜವಾಗಿ ತೊಡಕಾಗುವುದು ಸರ್ಕಾರಿ ವಕೀಲಿಕೆ. ಸಂವಿಧಾನದ 191ನೇ ವಿಧಿಯಲ್ಲಿ 'ಲಾಭದಾಯಕ ಹುದ್ದೆ' ಎಂಬ ಮಾತಿದೆ, ಸರ್ಕಾರದ ಕೆಳಗೆ ಅಂಥ ಹುದ್ದೆಯಲ್ಲಿದ್ದವರು ಶಾಸಕರಾಗುವಂತಿಲ್ಲ. ಎದುರಾಳಿ ಅದನ್ನೇ ಹಿಡಿಯುತ್ತಾನೆ. ರಾಜಸ್ಥಾನದ ಕಾಂತಾ ಕಥೂರಿಯಾ ಒಂದೇ ಒಂದು ಕೇಸಿಗೆ ವಿಶೇಷ ಸರ್ಕಾರಿ ವಕೀಲರಾಗಿದ್ದವರು. 1967ರಲ್ಲಿ ಗೆದ್ದು ಶಾಸಕರಾದರು. ಅಲ್ಲಿನ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ಉಳಿದುಕೊಂಡರು ಬಿಡಿ, ಅದೂ ಎಲ್ಲ ನ್ಯಾಯಮೂರ್ತಿಗಳೂ ಒಪ್ಪಿ ಅಲ್ಲ, ಬಹುಮತದಿಂದ. ನಿಮಗೆ ಆ ಉಸಾಬರಿ ಯಾಕೆ? ನಾಮಪತ್ರ ಹಾಕುವ ಮುಂಚೆಯೇ ರಾಜೀನಾಮೆ ಕೊಡಿ. ಕೊಟ್ಟರೆ ಸಾಲದು, ಅಂಗೀಕಾರವಾದ ಆದೇಶದ ಪ್ರತಿ ಕೈಯಲ್ಲಿರಲಿ. ಪರಿಶೀಲನೆ ದಿನ ಅದಿಲ್ಲದೆ ಒದ್ದಾಡಬೇಡಿ.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಚುನಾವಣಾ ವೆಚ್ಚದ ಮಿತಿ 40 ಲಕ್ಷ. ನಗಬೇಡಿ, ಕಾಗದದ ಮೇಲಿರುವುದು ಅದೇ.

ಇನ್ನು ನಿಮ್ಮ ಮನೆಯವರ ಮಾತು. ಅವರು ಸುಮ್ನೆ ಹೇಳುತ್ತಿಲ್ಲ.

ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ಶಾಸಕರಾದರು. ಆಫೀಸಿನ ಹೊರಗೆ ಒಂದು ಉದ್ದ ಬೆಂಚಿತ್ತು. ಅಲ್ಲಿವರೆಗೆ ಅದರ ಮೇಲೆ ಕೂರುತ್ತಿದ್ದವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಪಹಣಿ, ಹಳೆ ಕ್ರಯಪತ್ರ. ಗೆದ್ದ ಮಾರನೇ ವಾರದಿಂದ ಬೆಂಚು ಅದೇ, ಜನ ಬೇರೆ. ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹತ್ತು ದಿನವಾಯಿತು ಎನ್ನುವವರು, ಮಗಳಿಗೆ ಹಾಸ್ಟೆಲ್ ಸೀಟು ಕೇಳುವವರು, ವರ್ಗಾವಣೆಗೆ ಲೆಟರ್‌ಹೆಡ್ ಪತ್ರ ಬೇಕು ಎನ್ನುವವರು. ಬೆಳಿಗ್ಗೆ ಆರೂವರೆಗೇ ಬರುತ್ತಿದ್ದರು. ಫೀಸು ಕೊಡುವ ಕಕ್ಷಿದಾರರು ಬಾಗಿಲಿಂದಲೇ ಇಣುಕಿ ವಾಪಸ್.

ಒಬ್ಬ ಅಜ್ಜಿಯ ಇಂಜಂಕ್ಷನ್ ಕೇಸಿತ್ತು. ಸಾಕ್ಷಿ ಹಂತ. ಸಾಹೇಬರು ಅಧಿವೇಶನಕ್ಕೆ ಬೆಂಗಳೂರಿಗೆ ಹೋಗಿದ್ದರು. ನಾನು ವಾಯಿದೆ ಕೇಳಿದೆ, ಕೊಟ್ಟರು. ಮತ್ತೆ ಕೇಳಿದೆ. ಕೊನೆಗೆ ನ್ಯಾಯಾಧೀಶರು ಕನ್ನಡಕ ತೆಗೆದು ನೋಡಿ, "ನಿಮ್ಮ ಸಾಹೇಬರಿಗೆ ಈ ಕೋರ್ಟು ನೆನಪಿದೆಯೇನ್ರಿ?" ಅಂದವರೇ, ಸಾಕ್ಷಿ ಮುಗಿಯಿತು ಎಂದು ಬರೆದುಬಿಟ್ಟರು. ಬೇರೆ ಕೋರ್ಟಿನಲ್ಲಿ ಕೆಲಸವಿದೆ ಅಂದರೂ ವಾಯಿದೆ ಕೊಡಬೇಕಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ. ವಿಧಾನಸೌಧದ ನೆಪ ಅಲ್ಲಿ ನಡೆಯುತ್ತದಾ? ಹೊರಗೆ ಬಂದ ಅಜ್ಜಿ ನನ್ನನ್ನು ಬೈಯಲಿಲ್ಲ. "ಅವ್ರಿಗೆ ಓಟು ನಾನೇ ಹಾಕಿದ್ನಲ್ಲಪ್ಪ" ಅಂದಳು. ಆ ಕೇಸನ್ನು ಮೇಲ್ಮನವಿಯಲ್ಲಿ ಸರಿಮಾಡಿಕೊಳ್ಳಲು ನಾನು ಪಟ್ಟ ಪಾಡು ಬೇರೆ ಕತೆ.

ಹಾಗಾಗಿ ನಿಲ್ಲುವುದಾದರೆ ಈಗಿನಿಂದಲೇ ಒಬ್ಬ ಗಟ್ಟಿ ಜೂನಿಯರ್‌ನನ್ನು ತಯಾರು ಮಾಡಿ. ವಕಾಲತ್ತಿನಲ್ಲಿ ಅವರ ಹೆಸರೂ ಇರಲಿ. ಸಾಕ್ಷಿ ಹಂತಕ್ಕೆ ಬಂದ ಕೇಸುಗಳನ್ನು ಕಕ್ಷಿದಾರರಿಗೆ ಹೇಳಿಯೇ ಬಿಟ್ಟುಕೊಡಿ. ನಿಮ್ಮ ಕ್ಷೇತ್ರದ ಪುರಸಭೆ, ಪಂಚಾಯಿತಿಗಳ ಕೇಸು ಮುಟ್ಟಲೇಬೇಡಿ. ಕಾನೂನು ತಡೆಯದಿದ್ದರೂ ಊರು ಆಡಿಕೊಳ್ಳುತ್ತದೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಸಣ್ಣ ಊರಿನ ಕೋರ್ಟಿನಿಂದ ಶುರು ಮಾಡಿ ರಾಜಕೀಯದಲ್ಲಿ ಮೇಲೆ ಬಂದವರು ನಿಜವಾಗಿ ಇದ್ದಾರಾ ಸರ್?
— ಓದುಗರು, ಬಾಗಲಕೋಟೆ

ಉತ್ತರ: ನಿಮ್ಮ ಜಿಲ್ಲೆಯಲ್ಲೇ ಇದ್ದರಲ್ಲಮ್ಮ! ಜಮಖಂಡಿಯ ಬಿ.ಡಿ. ಜತ್ತಿ. ಹುಟ್ಟಿದ್ದು ಸಾವಳಗಿಯಲ್ಲಿ, ಕಾನೂನು ಓದಿದ್ದು ಕೊಲ್ಹಾಪುರದಲ್ಲಿ, ವಕೀಲಿಕೆ ಜಮಖಂಡಿಯಲ್ಲಿ. 1940ರಲ್ಲಿ ಅಲ್ಲಿನ ಪುರಸಭೆಗೆ ಸದಸ್ಯ, 1945ರಲ್ಲಿ ಅಧ್ಯಕ್ಷ. ಆಗ ಜಮಖಂಡಿ ಒಂದು ಸಂಸ್ಥಾನ. ಅದರ ಶಾಸನಸಭೆ ಸೇರಿ, ಮಂತ್ರಿಯಾಗಿ, ಮುಖ್ಯಮಂತ್ರಿಯೂ ಆದರು.

1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಕುರ್ಚಿಯೂ ಹೋಯಿತು. ಜತ್ತಿ ಏನು ಮಾಡಿದರು ಗೊತ್ತಾ? ಮತ್ತೆ ವಕೀಲಿಕೆಗೆ ಬಂದರು. 20 ತಿಂಗಳು ಅದೇ ಕೆಲಸ. ಮುಖ್ಯಮಂತ್ರಿಯಾಗಿದ್ದವರು ಮತ್ತೆ ಕಕ್ಷಿದಾರರ ಕಾಗದಪತ್ರ ಬಿಚ್ಚಿ ಕೂರುವುದು ಸಣ್ಣ ಮಾತಲ್ಲ. ನನಗೆ ಅವರ ಇಡೀ ಬದುಕಿನಲ್ಲಿ ಇಷ್ಟವಾಗುವುದು ಈ 20 ತಿಂಗಳೇ. ಆಮೇಲೆ ಮುಂಬಯಿ ಶಾಸನಸಭೆಗೆ ನಾಮನಿರ್ದೇಶನಗೊಂಡರು, ಉಪಮಂತ್ರಿಯಾದರು. ಏಕೀಕರಣದ ನಂತರ ಭೂಸುಧಾರಣಾ ಸಮಿತಿಯ ಅಧ್ಯಕ್ಷ, 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಉಪರಾಷ್ಟ್ರಪತಿಯಾಗಿದ್ದಾಗ 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು.

1961ರ ಭೂಸುಧಾರಣಾ ಕಾಯ್ದೆ ಬಂದದ್ದು ಅವರ ಕಾಲದಲ್ಲೇ. ಇಲ್ಲೊಂದು ತಮಾಷೆ ಇದೆ. ದೇವರಾಜ ಅರಸು ಕಾಲದ ತಿದ್ದುಪಡಿಯಿಂದ ಅದೇ ಕಾಯ್ದೆಗೆ ಭೂ ನ್ಯಾಯಮಂಡಳಿ ಬಂತು, ಗೇಣಿದಾರರು ಜಮೀನಿಗೆ ಅರ್ಜಿ ಹಾಕುವ ಫಾರಂ 7 ಬಂತು. ಜೊತೆಗೆ ಮಂಡಳಿ ಮುಂದೆ ವಕೀಲರು ಬರಲೇಬಾರದು ಎಂಬ ನಿಯಮವೂ ಬಂತು. ಅದನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು.

ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರದೂ ಇಂಥದೇ ದಾರಿ. ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಪ್ರಶ್ನೆ: ವಕೀಲರಾದ ಶಾಸಕರು ಸದನದಲ್ಲಿ ಬೇರೆಯವರಿಗಿಂತ ಜಾಸ್ತಿ ಏನು ಮಾಡ್ತಾರೆ? ಗಲಾಟೆ ಬಿಟ್ಟು ಹೇಳಿ.
— ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಗಲಾಟೆಯಲ್ಲಿ ಎಲ್ಲರೂ ಸಮಾನರು ಮೇಷ್ಟ್ರೇ. ವ್ಯತ್ಯಾಸ ಕಾಣುವುದು ಪ್ರಶ್ನೆ ಬರೆಯುವುದರಲ್ಲಿ. "ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ ಉತ್ತರದ ಕಾಲಮ್ಮಿನಲ್ಲಿ "ಬಂದಿದೆ" ಎಂದು ಒಂದೇ ಪದ ಬರುತ್ತದೆ. ಕತೆ ಮುಗಿಯಿತು.

ಪಾಟೀಸವಾಲು ಮಾಡಿ ಪಳಗಿದವರು ಹಾಗೆ ಕೇಳುವುದಿಲ್ಲ. (ಅ) ಮಂಜೂರಾದ ಹುದ್ದೆ ಎಷ್ಟು? (ಆ) ಖಾಲಿ ಎಷ್ಟು, ಯಾವ ದಿನಾಂಕದಿಂದ? (ಇ) ಇಲ್ಲಿಗೆ ನೇಮಕವಾಗಿ ಬೇರೆ ಕಡೆ ನಿಯೋಜನೆ ಮೇಲೆ ಹೋದವರು ಎಷ್ಟು ಜನ, ಯಾರ ಆದೇಶದಲ್ಲಿ? ಹೀಗೆ ಬಿಡಿಸಿ ಕೇಳುತ್ತಾರೆ. 'ಪರಿಶೀಲಿಸಲಾಗುವುದು' ಎಂದು ಜಾರಿಕೊಳ್ಳಲು ಜಾಗ ಉಳಿಯುವುದಿಲ್ಲ.

ನಿಮ್ಮ ಶಾಸಕರು ಹೇಗೆ ಕೇಳುತ್ತಾರೆ ಎಂದು ತಿಳಿಯಬೇಕಾ? ಅವರು ಕೇಳಿದ ಪ್ರಶ್ನೆ, ಬಂದ ಉತ್ತರ ವಿಧಾನಸಭೆಯ ವೆಬ್‌ಸೈಟಿನಲ್ಲೇ ಸಿಗುತ್ತವೆ. ಮೊದಲು (ಇ) ಓದಿ.